ಥೆಕ್ಲಾಳ ಹಾಲು ಬತ್ತಿದ ಚಳಿಗಾಲ

ತುರ್ಕಿ ಸುಲ್ತಾನನ ನಾಡಿನ ಕಾಯ್ಸೇರಿ ಕೋಟೆಯ ಅಮೀರನ ಮನೆಯಲ್ಲಿ ಥೆಕ್ಲಾ ಎಂದರೆ ಯಾರೆಂದು ಕೇಳುತ್ತಿದ್ದರು. ದಾದಿ ಎಂದರೆ ಎಲ್ಲರಿಗೂ ಗೊತ್ತು. ಕಲ್ಲುಕಣಿವೆಯ ರೂಮಿ, ಎಂದರೆ ಗ್ರೀಕ್ ಕ್ರೈಸ್ತ ಹೆಂಗಸು. ಹತ್ತೊಂಬತ್ತರ ವಯಸ್ಸಿನಲ್ಲಿ ತನ್ನ ಎಳೆಗೂಸನ್ನು ಅಕ್ಕನ ಮಡಿಲಿಗೆ ಹಾಕಿ, ಆ ಕೂಸಿನ ಪಾಲಿನ ಹಾಲನ್ನು ಅಮೀರನ ಮಗಳು ಯಾಸಮನ್‌ಗೆ ಕುಡಿಸಲು ಬಂದವಳು. ಎರಡು ವರ್ಷಕ್ಕೆ ಹಾಲು ಬಿಡಿಸಿದ್ದಾಯಿತು. ಆದರೆ ಸ್ನಾನ, ಬಟ್ಟೆ, ಜ್ವರ, ಹಟ ಯಾವುದನ್ನೂ ಯಾರೂ ಅವಳಿಂದ ಬಿಡಿಸಲಿಲ್ಲ. ಹಾಗೇ ಇಪ್ಪತ್ತು ವರ್ಷ. ಭಾನುವಾರ ತಾನು ಶಿಲುಬೆಯ ಗುರುತು ಹಾಕಿಕೊಳ್ಳುವಳು, ಶುಕ್ರವಾರ ಮನೆಯವರ ನಮಾಜಿಗೆ ನೀರು ಕಾಸುವಳು.

ಅವಳಿಗಿದ್ದ ಒಂದೇ ಹೆಮ್ಮೆ ಇಲ್ಯಾಸ್. ಅವನ ಅಪ್ಪ ರೂಮಿ ಸರದಾರ. ತನ್ನ ಚಕ್ರವರ್ತಿಯೊಡನೆ ಜಗಳವಾಡಿ ಸುಲ್ತಾನನ ಕಡೆ ಬಂದು ಮತ ಬದಲಿಸಿದವನು. ಹೆಂಡತಿ ದಾರಿಯಲ್ಲೇ ತೀರಿಕೊಂಡಾಗ ಆರು ತಿಂಗಳ ಕೂಸನ್ನು ಒಂದು ಚಳಿಗಾಲದಲ್ಲಿ ನಲವತ್ತು ದಿನದ ಮಟ್ಟಿಗೆ ಅಮೀರನ ಮನೆಯಲ್ಲಿ ಬಿಟ್ಟಿದ್ದ. ಯಾಸಮನ್‌ಗೆ ಆಗ ಒಂದೂವರೆ ವರ್ಷ. ಇದಕ್ಕೂ ನೀನೇ ಕುಡಿಸು ಎಂದು ಯಜಮಾನಿ ಖಾತೂನ್ ಮೇಲಿನ ಮಹಡಿಯಿಂದಲೇ ಹೇಳಿ ಕಳಿಸಿದ್ದಳು. ಈಗ ಇಲ್ಯಾಸ್ ಕುದುರೆ ಸವಾರ. ಯಾವಾಗ ಬಂದರೂ ಮೊದಲು ಅಡುಗೆಮನೆಗೆ ನುಗ್ಗಿ, "ಹಾಲಮ್ಮಾ, ತಿನ್ನೋಕೆ ಏನಿದೆ?" ಎನ್ನುತ್ತಿದ್ದ.

ಆ ಇಲ್ಯಾಸ್, ಯಾಸಮನ್ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದರು, ಅಮೀರನೂ ಒಪ್ಪಿದ. ಒಪ್ಪದವನು ಸುಲ್ತಾನನ ವಜೀರ. ಅಮೀರನ ಸೈನ್ಯ ತನ್ನ ಕೈಗೆ ಬರಬೇಕಾದರೆ ಈ ಹುಡುಗಿ ತನ್ನ ತಂಗಿಯ ಮಗನಿಗೆ ಬರಬೇಕಿತ್ತು. ಅವನು ತುಂಬಿದ ಸಭೆಯಲ್ಲಿ ಮೆಲ್ಲಗೆ ಕೇಳಿದ: ನಮ್ಮ ಮತದಲ್ಲಿ ಒಬ್ಬಳ ಎದೆಹಾಲು ಕುಡಿದವರು ಅಕ್ಕ ತಮ್ಮ, ಅವರಿಗೆ ನಿಕಾಹ್ ಹೇಗೆ? ಗುರುವಾರ ಕಾಜಿ ಬಂದು ದಾದಿಯನ್ನೇ ವಿಚಾರಿಸುವುದೆಂದಾಯಿತು.

ಥೆಕ್ಲಾ ಒಲೆಕೋಣೆಗೆ ಬಂದು ಕೂತಳು. ಅಡುಗೆ ಕೆಲಸದ ತುರ್ಕಮಾನ್ ಹೆಂಗಸು ಸೆವಿಂಚ್ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಳು.

"ಇಲ್ಯಾಸ್‌ಗೆ ಒಂದು ಹನೀನೂ ಕುಡಿಸಿಲ್ಲ ಕಣೇ ನಾನು. ನಿಂಗೆ ಗೊತ್ತಲ್ಲ."

"ನಂಗಲ್ದೆ ಇನ್ಯಾರಿಗೆ ಗೊತ್ತು? ಹಿಮದಲ್ಲಿ ಆಡು ಕರೆದೋಳು ನಾನು."

ಆ ಚಳಿಗಾಲ ಇಲ್ಯಾಸ್ ಬರುವ ಮೊದಲೇ ಥೆಕ್ಲಾಳಿಗೆ ಜ್ವರ ಬಂದು ಹಾಲು ಬತ್ತಿತ್ತು. ಯಾಸಮನ್ ಆಗಲೇ ಗಂಜಿ, ರೊಟ್ಟಿ ತಿನ್ನುತ್ತಿದ್ದರಿಂದ ಮೇಲಿನವರಿಗೆ ತಿಳಿಯಲಿಲ್ಲ. ಹಾಲಿಲ್ಲದ ದಾದಿಯನ್ನು ಮಾರನೆಯ ದಿನವೇ ಹೊರಗೆ ಹಾಕುತ್ತಿದ್ದರು. ಅದಕ್ಕೇ ಸೆವಿಂಚ್ ತನ್ನ ಆಡಿನ ಹಾಲಿಗೆ ನೀರು ಬೆರೆಸಿ ಕಾಸಿ, ಬಟ್ಟೆಯ ತುದಿ ಅದ್ದಿ ಚೀಪಿಸಿ ಕೂಸನ್ನು ಉಳಿಸಿದ್ದಳು. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಬರುಬರುತ್ತಾ ಥೆಕ್ಲಾ ತನ್ನ ಸುಳ್ಳನ್ನೇ ಪ್ರೀತಿಸತೊಡಗಿದ್ದಳು.

"ನಿಜ ಹೇಳಿದ್ರೆ ಈ ಮನೆ ಹೋಗುತ್ತೆ. ಅವನ 'ಹಾಲಮ್ಮ'ನೂ ಹೋಗುತ್ತೆ."

"ಹಂಗಾದ್ರೆ ಸುಮ್ನಿರು. ಇಪ್ಪತ್ತು ವರ್ಷ ಊರೆಲ್ಲಾ ಜಂಬ ಕೊಚ್ಚಿದ್ದನ್ನೇ ಇನ್ನೊಂದ್ಸಲ ಕೊಚ್ಚು."

ಅಷ್ಟರಲ್ಲಿ ಯಾಸಮನ್ ಬಂದಳು. ಅತ್ತು ಅತ್ತು ಮುಖ ಊದಿತ್ತು. ಥೆಕ್ಲಾಳ ಕೈ ಹಿಡಿದು, "ನಿನ್ನ ಮೇಲೆ ಸಿಟ್ಟಿಲ್ಲ ದಾದಿ. ನೀನು ಕುಡಿಸಿದ್ದಕ್ಕೇ ತಾನೇ ಅವನು ಬದುಕಿದ್ದು? ಅದಕ್ಕೆ ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಹುಡುಗಿ ಹೋದ ಮೇಲೂ ಥೆಕ್ಲಾಳಿಗೆ ತಲೆ ಎತ್ತಲಾಗಲಿಲ್ಲ. ತನ್ನದಲ್ಲದ ಉಪಕಾರಕ್ಕೆ ಕೃತಜ್ಞತೆ ಬಂದಿತ್ತು, ಅದೂ ಆ ಹುಡುಗಿಯ ಬಾಳು ಹಾಳುಮಾಡುವ ಉಪಕಾರಕ್ಕೆ.

ಗುರುವಾರ ಅಂಗಳದಲ್ಲಿ ಕಾಜಿ ಕೂತ, ಪರದೆಯ ಹಿಂದೆ ಹೆಂಗಸರು. ಥೆಕ್ಲಾ ಎಲ್ಲವನ್ನೂ ಹೇಳಿಬಿಟ್ಟಳು, ಸುಳ್ಳು ಹೇಳಿ ತಿಂದ ಅನ್ನದ ಲೆಕ್ಕ ಸಮೇತ.

"ರೂಮಿ ಹೆಂಗಸು ರೂಮಿ ಹುಡುಗನ ಪರ ಹೇಳ್ತಾಳೆ, ಮತ್ತೇನು!" ಎಂದು ವಜೀರನ ಕಡೆಯವನೊಬ್ಬ ನಕ್ಕ.

"ಹಂಗಾದ್ರೆ ನನ್ನ ಕೇಳಿ ಸ್ವಾಮಿ," ಸೆವಿಂಚಳ ದನಿ ಪರದೆ ದಾಟಿ ಬಂತು. "ನಾನು ಮುಸಲ್ಮಾನಳು. ನನ್ನ ಆಡು ಮಾತ್ರ ಯಾವ ಮತದ್ದೂ ಅಲ್ಲ. ಅದರ ಹಾಲು ಕುಡಿದೋರೆಲ್ಲ ಒಡಹುಟ್ಟಿದೋರು ಆಗೋದಾದ್ರೆ ಈ ಊರಲ್ಲಿ ಒಂದು ಮದುವೇನೂ ನಡೀತಿರಲಿಲ್ಲ!"

ಕಾಜಿ ಗಡ್ಡದೊಳಗೇ ನಕ್ಕ. ಆ ಕಾಲದ ಮುದಿ ಅಗಸಗಿತ್ತಿಯನ್ನೂ ಕರೆಸಿದ. ಆಡಿನ ಹಾಲು ಮೆತ್ತಿದ ಬಟ್ಟೆಗಳನ್ನು ಒಗೆದ ಅವಳೂ ಹೌದೆಂದಳು. ಹಾಲಿನ ಸಂಬಂಧವಿಲ್ಲ, ನಿಕಾಹ್ ಆಗಬಹುದು ಎಂದು ತೀರ್ಪಾಯಿತು.

ಖಾತೂನ್ ಇಬ್ಬರನ್ನೂ ನಿಲ್ಲಿಸಿಕೊಂಡಳು. "ಆ ಚಳಿಗಾಲ ದಾದಿಗೆ ಹಾಲು ಹೆಚ್ಚಲಿ ಅಂತ ಕಳಿಸಿದ ಬೆಣ್ಣೆ, ಮಾಂಸ ತಿಂದೋರು ಯಾರು?"

"ಅರ್ಧ ನಾನು ತಿಂದೆ ಖಾತೂನ್," ಎಂದಳು ಸೆವಿಂಚ್. "ಆಡಿಗೆ ಮಾಂಸ ಒಗ್ಗಲ್ಲ."

ಖಾತೂನ್ ಮಹಡಿಯ ಮೆಟ್ಟಿಲ ಕಡೆ ನೋಡಿದಳು. ಆಮೇಲೆ, "ನಾನು ಒಂದೇ ಒಂದು ದಿನ ಕೆಳಗಿಳಿದು ಬಂದಿದ್ರೂ ಗೊತ್ತಾಗ್ತಿತ್ತು. ನಲವತ್ತು ದಿನ ಬರಲಿಲ್ಲ," ಎಂದಳು. "ಹೋಗಿ, ಮದುವೆ ಕೆಲಸ ಬೇಕಾದಷ್ಟಿದೆ. ಇಬ್ಬರೂ ಇಲ್ಲೇ ಇರ್ತೀರಿ."

ಸಂಜೆ ಇಲ್ಯಾಸ್ ಬಂದ. ನುಗ್ಗಲಿಲ್ಲ, ಹೊಸ್ತಿಲಲ್ಲೇ ನಿಂತ. "ಒಳಗೆ ಬರಬಹುದಾ?"

ಥೆಕ್ಲಾ ಹಿಟ್ಟಿನ ಚೀಲವನ್ನು ಮುಂದಕ್ಕೆ ಸರಿಸಿದಳು. ಸೆವಿಂಚ್, "ಬಾರಪ್ಪಾ, ನಿನ್ನ ಅಂಡು ತೊಳೆದೋರಿಗೆ ಎಂಥಾ ಪರದೆ!" ಎಂದಳು.

ಅವನು ಹಿಟ್ಟಿನ ಚೀಲದ ಮೇಲೆ ಕೂತು ಇಬ್ಬರ ಕೈಗಳನ್ನೂ ಒಂದೊಂದಾಗಿ ಹಣೆಗೊತ್ತಿಕೊಂಡ. "ಹೇಗೆ ಬದುಕಿಸಿದ್ರಿ ನನ್ನ? ಮೊದಲಿಂದ ಹೇಳಿ."

ಆ ನಲವತ್ತು ದಿನದ ದುಡಿಮೆಯ ಬಗ್ಗೆ ಯಾರೂ ಅವರನ್ನು ಹೀಗೆ ಕೇಳಿರಲಿಲ್ಲ. ಥೆಕ್ಲಾ ಕಣ್ಣೊರೆಸಿಕೊಂಡು, "ಮೊದಲ ದಿನ ನೀನು ಬಟ್ಟೆಯನ್ನ ಉಗಿದುಬಿಟ್ಟೆ," ಎಂದು ಶುರುಮಾಡಿದಳು.

"ಮೊದಲ ದಿನ ಅಲ್ಲ, ಎರಡನೇ ದಿನ," ಎಂದಳು ಸೆವಿಂಚ್.