ಫ್ಯಾಮಿಲಿ ಸ್ಟ್ಯಾಂಡಿನ ಎದುರುಗಡೆ

ಆ ಬೇಸಿಗೆಯಲ್ಲಿ ನನ್ನ ರೂಮ್‌ಮೇಟನ ಹೆಂಡತಿ ವಿಸಿಟ್ ವೀಸಾದಲ್ಲಿ ರಿಯಾದಿಗೆ ಬಂದಳು. ಒಬ್ಬನ ಹೆಂಡತಿ ಬಂದರೆ ಇನ್ನೊಬ್ಬನಿಗೆ ಯಾಕೆ ಹೊಟ್ಟೆ ಉರಿಯಬೇಕು? ಉರಿಯಿತು. ತಪ್ಪು ತಿಳಿಯಬೇಡಿ, ನನಗೆ ಬೇಕಾಗಿದ್ದುದು ಆಕೆ ಕೂತಿದ್ದ ಕುರ್ಚಿ ಮಾತ್ರ. ಸ್ಟೇಡಿಯಮ್ಮಿನಲ್ಲಿ ಅವನ ಪಕ್ಕದ ಆ ಕುರ್ಚಿ ಆರು ವರ್ಷ ನನ್ನದಾಗಿತ್ತು.

ನಾನು ಒಲಾಯಾದ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷೆ ಮಾಡುವವನು. ಅವನು ಅಮೆರಿಕದವರು ತುಂಬಿಕೊಂಡಿರುವ, ಎತ್ತರದ ಗೋಡೆಯ ಒಂದು ವಸತಿ ಕಾಂಪೌಂಡಿನಲ್ಲಿ ಎ.ಸಿ. ಮೆಕ್ಯಾನಿಕ್. ಇಬ್ಬರೂ ಮಂಗಳೂರಿನ ಕಡೆಯವರು. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ನಮ್ಮಿಬ್ಬರ ನಡುವೆ ಕನ್ನಡ. ಊರಿಗಿಂತಲೂ ಹೆಚ್ಚಾಗಿ ನಮ್ಮನ್ನು ಹತ್ತಿರ ತಂದದ್ದು ಫುಟ್‌ಬಾಲು. ಹಳದಿ ಜೆರ್ಸಿಯ ತಂಡ ಊರಿನಲ್ಲಿ ಆಡುವ ದಿನ ನಾವು ಬಾಡಿಗೆ ಕಾರಿನಲ್ಲೋ, ಮೆಟ್ರೋ ಬಂದ ಮೇಲೆ ಅದರಲ್ಲೋ, ಹೇಗಾದರೂ ಮಾಡಿ ಹೋಗಿಯೇ ಹೋಗುತ್ತಿದ್ದೆವು.

ಫುಟ್‌ಬಾಲ್ ಇಲ್ಲದ ಶುಕ್ರವಾರಗಳಿಗೆ ಬೇಸ್‌ಬಾಲ್ ಇತ್ತು. ಅವನ ಕಾಂಪೌಂಡಿನ ಮೈದಾನದಲ್ಲಿ ಸಂಜೆಯ ಹೊತ್ತು ಅಮೆರಿಕದವರು ಎರಡು ತಂಡ ಮಾಡಿಕೊಂಡು ಆಡುತ್ತಿದ್ದರು. ಅಲ್ಲಿನ ಕೆಲಸಗಾರರು ಒಬ್ಬ ಅತಿಥಿಯನ್ನು ಕರೆತರಬಹುದಿತ್ತು. ಆ ಒಬ್ಬ ಅತಿಥಿ ನಾನೇ. ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾರೆ, ಹೊಡೆದವನು ಬ್ಯಾಟನ್ನು ಬಿಸಾಡಿ ಓಡುತ್ತಾನೆ, ಕ್ರಿಕೆಟ್ ನೋಡಿ ಬೆಳೆದ ನಮಗೆ ಮೊದಮೊದಲು ತಲೆಬುಡ ತಿಳಿಯಲಿಲ್ಲ. ನಾನೇ ನೋಡಿ ನೋಡಿ ಲೆಕ್ಕಾಚಾರ ಹಿಡಿದು ಅವನಿಗೆ ಬಿಡಿಸಿ ಹೇಳಿದೆ. ಆಟ ನೋಡುವಾಗ ವಿವರಿಸುತ್ತಾ ಹೋಗುವುದು ನನ್ನ ಚಾಳಿ. ಅವನದು ಕೇಳಿಸಿಕೊಳ್ಳುವ ಸ್ವಭಾವ. ಒಳ್ಳೆಯ ಜೋಡಿ ಎಂದುಕೊಂಡಿದ್ದೆ.

ಹೆಂಡತಿ ಬರುತ್ತಾಳೆಂದು ಅವನು ಒಂದು ಸಣ್ಣ ಫ್ಲಾಟ್ ಹಿಡಿದ. ಅವನ ಸೂಟ್‌ಕೇಸು, ರೈಸ್ ಕುಕ್ಕರು ಎಲ್ಲವನ್ನೂ ನಾನೇ ಹೊತ್ತು ಮೂರನೇ ಮಹಡಿಗೆ ಸಾಗಿಸಿದೆ. ಸಾಮಾನು ಇಳಿಸಿ ಬೆವರು ಒರೆಸಿಕೊಂಡು, ಆ ವಾರದ ಮ್ಯಾಚಿನ ಟಿಕೆಟಿನ ಮಾತೆತ್ತಿದೆ.

"ತೆಗೆದಾಯ್ತು ಮಾರಾಯ," ಅಂದ. "ಫ್ಯಾಮಿಲಿಯಲ್ಲಿ ಎರಡು."

"ಮತ್ತೆ ನಾನು?"

"ನೀನು ಬ್ಯಾಚುಲರಲ್ಲಿ ತಗೊ. ಹಾಫ್‌ಟೈಮಲ್ಲಿ ಕೈ ಬೀಸ್ತೇನೆ."

ಇಲ್ಲಿ ಫ್ಯಾಮಿಲಿ ಎಂದರೆ ಜೊತೆಗೆ ಹೆಂಗಸರಿರುವವರ ಜಾಗ. ಅದರ ಗೇಟೇ ಬೇರೆ. ಉಳಿದ ಗಂಡಸರೆಲ್ಲ, ಊರಿನಲ್ಲಿ ಹೆಂಡತಿ ಮಕ್ಕಳಿದ್ದರೂ, ಬ್ಯಾಚುಲರುಗಳು. ನಾನಂತೂ ಅಪ್ಪಟ ಬ್ಯಾಚುಲರ್. ಹಾಗಾಗಿ ಆ ಸಂಜೆ ನಾನು ಒಂದು ಬದಿಯಲ್ಲಿ, ಅವರು ಇನ್ನೊಂದು ಬದಿಯಲ್ಲಿ, ಮಧ್ಯೆ ಇಡೀ ಮೈದಾನ. ನನ್ನ ಪಕ್ಕದಲ್ಲಿ ಕೂತವನು ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆಯನ್ನು ನನ್ನ ಶೂ ಮೇಲೆಯೇ ಉಗಿಯುತ್ತಿದ್ದ. ನಮ್ಮ ತಂಡ ಎರಡು ಗೋಲು ಹಾಕಿತು, ಎರಡನ್ನೂ ನಾನು ಸರಿಯಾಗಿ ನೋಡಲಿಲ್ಲ. ನೋಡುತ್ತಿದ್ದುದು ಎದುರುಗಡೆಯ ಜನರ ನಡುವೆ ಅವರಿಬ್ಬರು ಎಲ್ಲಿದ್ದಾರೆ ಎಂದು. ಅವನು ಕೈ ಬೀಸುವುದನ್ನೂ ಮರೆತ.

ಆಮೇಲೆ ವಾಟ್ಸಾಪಿನಲ್ಲಿ ಫೋಟೋ ಬಂತು. ಆಕೆಯ ಕುತ್ತಿಗೆಯಲ್ಲಿ ಹಳದಿ ಶಾಲು. ನಾನು ಬತ್ಹಾದ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡುತಂದಿದ್ದ ಶಾಲು ಅದು, ರೂಮು ಖಾಲಿ ಮಾಡುವಾಗ ಅವನ ಸಾಮಾನಿನ ಜೊತೆ ಹೋಗಿತ್ತು. ಫೋಟೋಗೆ ನಾನು ಎರಡು ಹೆಬ್ಬೆರಳು ಕಳಿಸಿದೆ. ಬೇರೆ ಏನನ್ನು ಕಳಿಸಲಿ?

ಇದು ಸಾಲದು ಎಂಬಂತೆ ಆಕೆ ಒಳ್ಳೆಯವಳು. ಅವನ ಕೈಯಲ್ಲಿ ಬಂಗುಡೆ ಗಸಿ, ನೀರುದೋಸೆ ಕಟ್ಟಿ ಕಳಿಸುತ್ತಿದ್ದಳು. ಡಬ್ಬ ತೆರೆಯುವಾಗ ಉಪ್ಪು ಹೆಚ್ಚಾಗಿರಲಿ, ಹುಳಿ ಕಡಿಮೆಯಾಗಿರಲಿ ಎಂದು ಹಾರೈಸುತ್ತಿದ್ದೆ. ಎಂದೂ ಆಗಲಿಲ್ಲ. ಬೆರಳು ನೆಕ್ಕಿಕೊಂಡು ತಿಂದೆ, ತಿಂದು ಮತ್ತಷ್ಟು ಕುದಿದೆ. ಬೈಯಲು ಒಂದು ಕಾರಣವನ್ನೂ ಕೊಡದವರ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಕಷ್ಟದ ಕೆಲಸ.

ಶುಕ್ರವಾರದ ಬೇಸ್‌ಬಾಲೂ ಕೈತಪ್ಪಿತು, ಒಬ್ಬ ಅತಿಥಿಯ ಜಾಗ ಒಬ್ಬರಿಗೇ ತಾನೆ. ನಾನು ರೂಮಿನಲ್ಲಿ ಕೂತು ಬಟ್ಟೆ ಇಸ್ತ್ರಿ ಮಾಡಿದೆ. ಒಂದು ಶುಕ್ರವಾರ ಸಂಜೆ ಫೋನ್ ಬಂತು. ಅವನೇ, ದನಿ ತಗ್ಗಿಸಿ ಮಾತಾಡುತ್ತಿದ್ದ.

"ಹೇ, ಒಂದು ಕೇಳ್ಲಿಕ್ಕುಂಟು. ಒಬ್ಬ ಮೇಲೆ ಹೊಡ್ದ, ಅದನ್ನು ಕ್ಯಾಚ್ ಹಿಡಿದ್ರು. ಮೊದಲೇ ಓಡ್ಲಿಕ್ಕೆ ಶುರು ಮಾಡಿದವ ಇದ್ದಾನಲ್ಲ, ಅವ ವಾಪಸ್ ಬರ್ಬೇಕಾ?"

"ಬರ್ಬೇಕು. ತಾನು ನಿಂತಿದ್ದ ಬೇಸನ್ನು ಮುಟ್ಟಿ, ಮತ್ತೆ ಬೇಕಾದ್ರೆ ಓಡ್ಬಹುದು."

"ಆಯ್ತು ಆಯ್ತು, ಇಡ್ತೇನೆ."

ನಾನು ಉಬ್ಬಿಹೋದೆ. ಹೆಂಡತಿ ಪಕ್ಕದಲ್ಲಿದ್ದರೂ ಆಟ ಎಂದರೆ ಅವನಿಗೆ ನನ್ನದೇ ನೆನಪು ಎಂದುಕೊಂಡೆ. ಮುಂದಿನ ಶುಕ್ರವಾರವೂ ಫೋನ್ ಬಂತು, ಅದರ ಮುಂದಿನದಕ್ಕೂ ಬಂತು. ಫುಟ್‌ಬಾಲ್ ಮ್ಯಾಚಿನ ಮಧ್ಯೆಯೂ ಒಮ್ಮೆ ಎದುರುಬದಿಯಿಂದ ಕರೆ ಮಾಡಿ, ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಹಿಡಿದದ್ದಕ್ಕೆ ಯಾಕೆ ಫೌಲ್ ಕೊಟ್ಟರು ಎಂದು ಕೇಳಿದ. ತನ್ನವನೇ ಕಾಲಿನಿಂದ ಹಿಂದಕ್ಕೆ ತಳ್ಳಿದ್ದನ್ನು ಹಿಡಿಯುವ ಹಾಗಿಲ್ಲ ಎಂದು ಹೇಳಿಕೊಟ್ಟೆ. ಫೋನಿಗಾಗಿ ಕಾಯುವುದೇ ನನ್ನ ಕೆಲಸವಾಯಿತು.

ಮೇ ತಿಂಗಳ ಕೊನೆಗೆ ಸೀಸನ್ನಿನ ಕೊನೆಯ ಮ್ಯಾಚು ಬಂತು. ಮರುವಾರ ಆಕೆ ಊರಿಗೆ ಹೊರಡುವವಳಿದ್ದಳು. ಆ ದಿನ ನಾನು ಒಂದು ಕೆಲಸ ಮಾಡಿದೆ. ನಮ್ಮ ಅಂಗಡಿಯ ಮೂಲೆಯಲ್ಲಿ, ಮರುಭೂಮಿಗೆ ಟೆಂಟು ಹಾಕಲು ಹೋಗುವವರು ಕೊಳ್ಳಲೆಂದು ಕೆಲವು ದುರ್ಬೀನುಗಳನ್ನು ಇಟ್ಟಿರುತ್ತೇವೆ. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಸಣ್ಣದೊಂದನ್ನು ಜೇಬಿಗೆ ಹಾಕಿಕೊಂಡು ಹೋದೆ. ಆರು ವರ್ಷ ನನ್ನ ಪಕ್ಕದಲ್ಲಿ ಕೂತವನು ಈಗ ಹೇಗೆ ಕೂತಿರುತ್ತಾನೆ, ಏನು ಮಾಡುತ್ತಾನೆ, ನನ್ನ ಜಾಗದಲ್ಲಿ ಕೂತವಳು ಗೋಲಾದಾಗ ಎದ್ದು ನಿಲ್ಲುತ್ತಾಳೋ ಇಲ್ಲವೋ, ಅದನ್ನೆಲ್ಲ ಹತ್ತಿರದಿಂದ ನೋಡಬೇಕಿತ್ತು.

ಸಂಜೆಯಾದರೂ ಕುರ್ಚಿಯ ಪ್ಲಾಸ್ಟಿಕ್ ಆರಿರಲಿಲ್ಲ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ದುರ್ಬೀನು ಹಿಡಿದೆ. ಸಿಕ್ಕರು. ಅವನು ಕೈ ಆಡಿಸಿಕೊಂಡು ಏನೋ ಹೇಳುತ್ತಿದ್ದ, ಆಕೆ ಅವನ ಮುಖವನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದಳು. ನನ್ನ ಜೊತೆ ಕೂತಾಗ ಅವನು ಅಷ್ಟು ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ಏನು ಹೇಳುತ್ತಿರಬಹುದು ಎಂದು ತುಟಿಯನ್ನೇ ಗಮನಿಸುತ್ತಿರುವಾಗ ಯಾರೋ ನನ್ನ ಹೆಗಲು ಹಿಡಿದರು.

ಸೆಕ್ಯುರಿಟಿಯವನು. ಮೈದಾನವನ್ನು ಬಿಟ್ಟು ಫ್ಯಾಮಿಲಿ ಸ್ಟ್ಯಾಂಡಿನ ಕಡೆಗೆ ದುರ್ಬೀನು ಹಿಡಿದ ಒಂಟಿ ಗಂಡಸು! ಅದರ ಅರ್ಥ ಇಲ್ಲಿ ಏನಾಗುತ್ತದೆ ಎಂದು ಇಷ್ಟು ವರ್ಷ ಈ ದೇಶದಲ್ಲಿದ್ದ ನನಗೆ ಹೊಳೆಯದೇ ಹೋದದ್ದು ನೋಡಿ. ಅಲ್ಲಿ ನನ್ನ ಸ್ನೇಹಿತನಿದ್ದಾನೆ ಎಂದು ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ. ಹಾಗಾದರೆ ಕರೆ, ಅಂದ. ಫೋನ್ ಮಾಡಿದೆ. ಹಾಫ್‌ಟೈಮಿಗೆ ನನ್ನನ್ನು ಸುತ್ತುಹಾಕಿಸಿ ಫ್ಯಾಮಿಲಿ ಗೇಟಿನ ಹತ್ತಿರ ಕರೆದೊಯ್ದರು. ಅಲ್ಲಿ ಗಂಡಹೆಂಡತಿ ಇಬ್ಬರೂ ಬಂದು ನಿಂತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಆಕೆ ಎದೆ ಮುಟ್ಟಿಕೊಂಡು, "ಅಖೂಯ್, ಅಖೂಯ್," ಅಂದಳು. ನನ್ನ ಅಣ್ಣ ಎಂದು.

ಸೆಕ್ಯುರಿಟಿಯವನು ನನ್ನನ್ನು ಒಮ್ಮೆ, ಆಕೆಯನ್ನು ಒಮ್ಮೆ ನೋಡಿ ನಕ್ಕುಬಿಟ್ಟ. ದುರ್ಬೀನನ್ನು ನನ್ನ ಜೇಬಿಗೆ ತಾನೇ ತುರುಕಿ, ಹಾಗಿದ್ದರೆ ತಂಗಿಯ ಜೊತೆಯೇ ಕೂತುಕೋ, ಯಲ್ಲಾ, ನಡೆ, ಎಂದು ಒಳಗೆ ತಳ್ಳಿದ. ಅಂತೂ ನಾನು ಫ್ಯಾಮಿಲಿಯವನಾದೆ. ಅವನ ಒಂದು ಬದಿಗೆ ಆಕೆ, ಇನ್ನೊಂದು ಬದಿಗೆ ನಾನು.

"ನಾನು ಮೊದಲ ಮ್ಯಾಚಿಗೇ ಹೇಳಿದ್ದೆ ಅಣ್ಣ," ಆಕೆ ಅವನ ಆಚೆಯಿಂದ ಬಾಗಿ ಅಂದಳು. "ನಿಮ್ಮನ್ನೂ ಕರೀರಿ, ನನ್ನ ಅಣ್ಣ ಅಂತ ಹೇಳಿದ್ರೆ ಬಿಡ್ತಾರೆ ಅಂತ. ಇವರೇ ಬೇಡ ಅಂದ್ರು."

ನಾನು ಅವನ ಕಡೆ ತಿರುಗಿದೆ. ಅವನು ಖಾಲಿ ಮೈದಾನವನ್ನು ನೋಡುತ್ತಿದ್ದ.

"ನಿಮಗೆ ಬೇಸ್‌ಬಾಲ್ ಗೊತ್ತುಂಟಾ ಅಣ್ಣ?" ಆಕೆ ಮುಂದುವರಿಸಿದಳು. "ಇವರಿಗೆ ಎಲ್ಲಾ ಗೊತ್ತುಂಟು. ಕ್ಯಾಚ್ ಹಿಡಿದ್ರೆ ಓಡುವವ ಬೇಸನ್ನು ಮುಟ್ಟಿ ಮತ್ತೆ ಓಡ್ಬೇಕಂತೆ. ನಾನು ಎಂತ ಕೇಳಿದ್ರೂ ನೀರು ತರ್ತೇನೆ ಅಂತ ಎದ್ದು ಹೋಗ್ತಾರೆ, ವಾಪಸ್ ಬಂದು ಸರಿಯಾಗಿ ಹೇಳ್ತಾರೆ."

ಆ ಫೋನುಗಳ ಗುಟ್ಟು ಆಗ ಬಯಲಾಯಿತು. ನನ್ನ ಮಾತುಗಳನ್ನೇ ಒಂದು ಅಕ್ಷರ ಬದಲಿಸದೆ ಅವನು ತನ್ನದೆಂದು ಬಡಿಸುತ್ತಿದ್ದ. ಮೈಯೆಲ್ಲ ಉರಿಯಿತು. ಈಗಲೇ ಎಲ್ಲವನ್ನೂ ಹೇಳಿ ಅವನ ಮರ್ಯಾದೆ ತೆಗೆಯಬೇಕು ಎನಿಸಿತು. ಆದರೆ ಅವನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು, ಕೈಗಳು ಮೊಣಕಾಲಿನ ಮೇಲೆ ಬಿಗಿಯಾಗಿದ್ದವು. ನಾನು ಏನು ಹೇಳುತ್ತೇನೋ ಎಂದು ಕಾಯುತ್ತಿದ್ದ. ಆರು ವರ್ಷ ನಾನು ಮಾತಾಡಿದೆ, ಅವನು ಕೇಳಿಸಿಕೊಂಡ. ಅದು ಅವನ ಸ್ವಭಾವ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅವನಿಗೂ ನನ್ನ ಮೇಲೆ ಹೊಟ್ಟೆಕಿಚ್ಚಿತ್ತು, ನನಗಿಂತ ಎಷ್ಟೋ ಮೊದಲಿನಿಂದ.

ಎರಡನೇ ಅರ್ಧ ಶುರುವಾಯಿತು. ಎದುರಾಳಿ ತಂಡದವನೊಬ್ಬ ಗೆರೆಯ ಆಚೆಯಿಂದ ಚೆಂಡನ್ನು ಕೈಯಲ್ಲಿ ಎಸೆದ. ನಮ್ಮ ರಕ್ಷಕರನ್ನೆಲ್ಲ ದಾಟಿ ಒಬ್ಬಂಟಿಯಾಗಿ ನಿಂತಿದ್ದ ಅವರ ಆಟಗಾರನಿಗೆ ಅದು ನೇರವಾಗಿ ಸಿಕ್ಕಿತು. ಅವನು ಗೋಲು ಹೊಡೆದ. ಲೈನ್ಸ್‌ಮನ್ನನ ಬಾವುಟ ಏಳಲಿಲ್ಲ.

"ಅವ ಅಷ್ಟು ಮುಂದೆ ಇದ್ದ, ಅದು ಆಫ್‌ಸೈಡ್ ಅಲ್ವಾ?" ಆಕೆ ಗಂಡನನ್ನು ಕೇಳಿದಳು.

ಈ ಸಲ ನೀರು ತರಲು ಏಳುವ ಹಾಗಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ. "ಆಫ್‌ಸೈಡೇ. ಲೈನ್ಸ್‌ಮನ್ ನೋಡ್ಲಿಲ್ಲ."

ಕೈಯಲ್ಲಿ ಒಳಗೆಸೆದ ಚೆಂಡಿಗೆ ಆಫ್‌ಸೈಡ್ ಇಲ್ಲ. ಶಾಲೆಯ ಮೈದಾನದಲ್ಲಿ ಆಡಿದ ಯಾರಿಗಾದರೂ ಗೊತ್ತಿರುವ ವಿಷಯ. ನನ್ನ ನಾಲಿಗೆ ತುರಿಸಿತು.

"ಹೌದಾ ಅಣ್ಣ?"

ಅವನು ನನ್ನ ಕಡೆ ನೋಡಲಿಲ್ಲ.

"ಹೌದು," ಅಂದೆ. "ಅವನು ಹೇಳಿದ್ದು ಸರಿ."

ಆಕೆ ಎದ್ದು ನಿಂತು ಆ ಪಾಪದ ಲೈನ್ಸ್‌ಮನ್ನನಿಗೆ ಅಚ್ಚ ಬ್ಯಾರಿಯಲ್ಲಿ ಬೈದಳು. ಸುತ್ತಲಿನ ಹೆಂಗಸರಿಗೆ ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯಿತು, ಅವರೂ ಕೂಗಿದರು. ಅವನು ಹೆಂಡತಿಯನ್ನು ತಲೆಯೆತ್ತಿ ನೋಡುತ್ತಾ ನಗುತ್ತಿದ್ದ. ಅಂಥ ನಗುವನ್ನು ಅವನ ಮುಖದಲ್ಲಿ ನಾನು ಕಂಡಿರಲಿಲ್ಲ.

ಆಕೆ ಕೂತು ಉಸಿರು ತೆಗೆದುಕೊಂಡು ಮತ್ತೆ ನನ್ನ ಕಡೆ ಬಾಗಿದಳು. "ನಿಮಗೂ ಆಟ ಎಲ್ಲಾ ಇವರೇ ಕಲಿಸಿದ್ದಾ ಅಣ್ಣ?"

"ಹೌದು, ಇವನೇ," ಅಂದೆ. ಆ ಬೇಸಿಗೆಯಲ್ಲಿ ಬೇರೆ ಯಾವತ್ತೂ ನನ್ನ ಹೊಟ್ಟೆ ಅಷ್ಟು ಉರಿದಿರಲಿಲ್ಲ.