ಬಾಯಮ್ಮನ ಬೆಚ್ಚ ನೀರು

ಮೊನ್ನೆ ಬಚ್ಚಲಿನಿಂದ ಅಂಟುವಾಳದ ವಾಸನೆ ಬಂತು. ಸೊಸೆ ರೇಷ್ಮೆ ಸೀರೆಯನ್ನು ಮನೆಯಲ್ಲೇ ಒಗೆಯುತ್ತೇನೆಂದು ಕಾಯಿ ನೆನೆಹಾಕಿದ್ದಳು. ಡ್ರೈಕ್ಲೀನಿಂಗ್‌ನ ಪೆಟ್ರೋಲು ವಾಸನೆ ಅವಳಿಗಾಗದು. ಆ ಹುಳಿ ಘಾಟಿಗೆ ನನಗೆ ನೆನಪಾದವರು ಉರ್ವದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಾಯಮ್ಮ...

ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು ಬಾಯಮ್ಮ ಎಂದೇ ಕರೆಯುವುದು. ಇವರು ಭದ್ರಾವತಿಯಲ್ಲಿ ಬೆಳೆದು ಇಲ್ಲಿಗೆ ಮದುವೆಯಾಗಿ ಬಂದವರು. ಮನೆಯೊಳಗೆ ಕೊಂಕಣಿ; ತುಳು ನಾಲಿಗೆಗೆ ಹತ್ತಲೇ ಇಲ್ಲ. ಹಾಗಾಗಿ ನಮ್ಮೊಡನೆ ಕನ್ನಡ. ತಮ್ಮ ಒಂದು ರೇಷ್ಮೆಯನ್ನೂ ಅವರು ಅಂಗಡಿಗೆ ಕೊಟ್ಟವರಲ್ಲ. ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ, ನೆರಳಿಗೆ ಹಾಕುತ್ತಿದ್ದರು.

ನನ್ನ ನಿಶ್ಚಿತಾರ್ಥಕ್ಕೆ ಅಮ್ಮನ ಧಾರೆ ಸೀರೆಯನ್ನೇ ಉಡಬೇಕೆಂದು ನನಗೆ ಹಟ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದನ್ನು ಪೆಟ್ಟಿಗೆಯಿಂದ ತೆಗೆದದ್ದೇ ಅಂದು. ಮುಗ್ಗಲು ಹಿಡಿದಿತ್ತು. ಬಾಯಮ್ಮ ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಆಚೆಯಿಂದ ಹೇಳಿದರು, “ಅಂಗಡಿಗೆ ಯಾಕಮ್ಮ? ಬೆಚ್ಚಗಿನ ನೀರಲ್ಲಿ ಅದ್ದು, ಸಾಕು.”

ನಾನು ಹಂಡೆಯಿಂದ ಹೊಗೆಯಾಡುವ ನೀರು ಮೊಗೆದು ಬಕೆಟಿಗೆ ಸುರಿದು ಸೀರೆ ಅದ್ದಿದೆ. ಅಂಚಿನ ಕೆಂಪು ಬಣ್ಣ ಹಳದಿ ಒಡಲಿಗೆಲ್ಲ ಹಬ್ಬಿತು. ಅಮ್ಮ ಅಳಲಿಲ್ಲ. ಸೀದಾ ಪಾಗಾರದ ಹತ್ತಿರ ಹೋದಳು.

“ನೀವೇ ಅಲ್ವಾ ಬಾಯಮ್ಮ ಹೇಳಿದ್ದು, ಬೆಚ್ಚ ನೀರಿಗೆ ಹಾಕ್ಲಿಕ್ಕೆ?”

“ಹೌದು, ನಾನೇ ಹೇಳಿದ್ದು,” ಅಂದರು ಬಾಯಮ್ಮ. ಮುಖ ಬಿಳಿಚಿಕೊಂಡಿತ್ತು. ಸಂಜೆ ತಮ್ಮದೇ ಒಂದು ರೇಷ್ಮೆ ಸೀರೆ ತಂದುಕೊಟ್ಟರು, ಅಮ್ಮ ಮುಟ್ಟಲಿಲ್ಲ.

ಅಲ್ಲಿಂದ ನಮ್ಮಲ್ಲಿ ಯಾರು ತಪ್ಪು ಸಲಹೆ ಕೊಟ್ಟರೂ ‘ಬಾಯಮ್ಮನ ಬುದ್ಧಿ’ ಎಂದು ನಗುವುದು ರೂಢಿಯಾಯಿತು. ಹೆಚ್ಚು ನಗುತ್ತಿದ್ದವಳು ನಾನೇ. ಪಾಗಾರ ಗಿಡ್ಡ, ನನ್ನ ಗಂಟಲು ದೊಡ್ಡದು; ಅವರಿಗೆ ಕೇಳಿಸದೆ ಇದ್ದೀತೇ... ಆಮೇಲೆ ಯಾರಾದರೂ ಬಟ್ಟೆಯ ವಿಷಯ ಕೇಳಿದರೆ, “ನನಗೆ ಗೊತ್ತಿಲ್ಲಮ್ಮ, ಅಂಗಡಿಗೆ ಕೊಡಿ,” ಎನ್ನುತ್ತಿದ್ದರು. ಕೂಳೂರಿಗೆ ಮನೆ ಬದಲಿಸಿದರು. ಅಲ್ಲೇ ತೀರಿಕೊಂಡರು.

ಇದೆಲ್ಲ ನೆನೆಯುತ್ತಾ ಕೂತಿದ್ದಾಗ ಸೊಸೆ ಕೂಗಿದಳು. “ಅತ್ತೆ, ನೀರು ಬೆಚ್ಚಗಿದೆ, ಸೀರೆ ಕೊಡಿ.”

ನಾನು ಓಡಿದೆ. “ಬೆಚ್ಚ ನೀರಿಗಾ? ಹಾಳಾಗ್ತದೆ ಮಾರಾಯ್ತಿ,” ಎಂದು ಬಕೆಟಿಗೆ ಕೈ ಅದ್ದಿದೆ. ಸುಡುವುದಿರಲಿ, ಬಿಸಿಯೂ ಇಲ್ಲ. ತಣ್ಣಗಿಲ್ಲ, ಅಷ್ಟೇ.

ಮೈಸೂರಿನ ಹುಡುಗಿ ಅವಳು, ನಕ್ಕಳು. “ಇದಕ್ಕೇ ಅತ್ತೆ ಬೆಚ್ಚಗೆ ಅನ್ನೋದು. ಸುಡೋದಕ್ಕೆ ಬಿಸಿ ಅಂತೀವಿ.”

ಕನ್ನಡ ಶಾಲೆಯಲ್ಲೇ ಓದಿದವಳು ನಾನು, ಆದರೆ ಕಿವಿ ತುಳುವಿನದು. ನಮ್ಮ ತುಳುವಿನಲ್ಲಿ ಬೆಚ್ಚ ಎಂದರೆ ಸುಡುವ ಬಿಸಿ. ಬಾಯಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಪಾಪ, ನಾನು ಸುಡುವ ನೀರು ಸುರಿದದ್ದು ಅವರಿಗೂ ಗೊತ್ತಾಗಲಿಲ್ಲ. ತಪ್ಪು ತನ್ನದೇ ಎಂದುಕೊಂಡು ಹೋದರು. ನಾಚಿಕೆಯಿಂದ ಹಿಡಿಯಾದೆ. ಹೋಗಿ ಹೇಳೋಣವೆಂದರೆ ಯಾರಿಗೆ ಹೇಳಲಿ...

“ಹಾಗಾದ್ರೆ ಹಾಳಾಗ್ತದೆ ಅಂತ ನಿಮಗೆ ಹೇಳಿದ್ಯಾರು?” ಸೊಸೆ ಕೇಳಿದಳು. “ಇದೂ ಬಾಯಮ್ಮನ ಬುದ್ಧಿನಾ?”

ಅವಳು ಬಾಯಮ್ಮನನ್ನು ಕಂಡವಳೇ ಅಲ್ಲ. ಮಾತು ಮಾತ್ರ ನನ್ನಿಂದ ಕಲಿತದ್ದು.

“ಅಲ್ಲ, ಅದು ನನ್ನ ಬುದ್ಧಿ,” ಅಂದೆ. “ಬಾಯಮ್ಮ ಹೇಳಿದ್ದು ನಿನ್ನ ಹಾಗೆಯೇ.”