ಬೆದರುಗೊಂಬೆಯ ಮುಂದೆ ನಿಂತ ಡ್ರೋನ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಯಂತ್ರಕ್ಕೆ ಬೈಯುತ್ತಾರೆ, ನಾನೂ ಒಂದು ದಿನ ಹಾಗೇ ಬೈದೆ.

ಕಬ್ಬಿಗೆ ಔಷಧ ಹೊಡೆಯುವ ಡ್ರೋನ್ ಹಾರಿಸುವುದು ನನ್ನ ಕೆಲಸ. ಮಮದಾಪುರದಿಂದ ಟಂಟಂ ಗಾಡಿಯಲ್ಲಿ ಡ್ರೋನ್ ಹೇರಿಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ತಿರುಗುತ್ತೇನೆ. ಕಬ್ಬು ತಲೆ ಮೀರಿ ಬೆಳೆದ ಮೇಲೆ ಒಳಗೆ ಹೋಗುವುದೆಂದರೆ ಮುಖ, ಕೈ, ಕುತ್ತಿಗೆ ಎಲ್ಲ ಗರಿಯಿಂದ ಕುಯ್ಯಿಸಿಕೊಳ್ಳುವುದು. ಅದಕ್ಕೇ ಮೇಲಿನಿಂದ ಹೊಡೆಯುತ್ತೇವೆ. ಆದರೆ ಅಷ್ಟು ಕೆಳಗೆ ಹಾರುವಾಗ ಮೋಟರಿಗೆಂದು ಬಿದಿರ ಗಳಗಳ ಮೇಲೆ ಎಳೆದ ವೈರುಗಳು ಕಾಣುವುದಿಲ್ಲ. ಹುಕ್ಕೇರಿಯ ಹತ್ತಿರ ಒಂದು ಹೊಲದಲ್ಲಿ ಡ್ರೋನ್ ಅಂಥದೇ ವೈರಿಗೆ ಬಡಿಯಿತು. ರೆಕ್ಕೆ ಸಿಡಿದು ಒಂದು ಚೂರು ಬದುವಿನಲ್ಲಿ ಕಟ್ಟಿದ್ದ ಎಮ್ಮೆಯ ತೊಡೆಗೆ ನೆಟ್ಟಿತು. ಎಮ್ಮೆಯ ಒಡೆಯ ನನ್ನ ಜಡೆಗೆ ಕೈ ಹಾಕಿದ. ನಾನು ಆ ಕೈಯನ್ನು ರಕ್ತ ಬರುವಂತೆ ಕಚ್ಚಿದೆ.

ಈ ಸುದ್ದಿ ಡ್ರೋನ್ ಮಾಡಿಕೊಟ್ಟ ಕಂಪನಿಗೆ ಮುಟ್ಟಿತೋ ಏನೋ, ಸ್ವಲ್ಪ ದಿನಕ್ಕೆ ಒಬ್ಬ ಎಂಜಿನಿಯರ್ ಬಂದ. ಧಾರವಾಡದ ಕಡೆಯವನು, ಮೆದು ಮಾತಿನವನು. ಸಾಬೂನಿನ ಗಾತ್ರದ ಒಂದು ಡಬ್ಬಿಯನ್ನು ಡ್ರೋನಿನ ಮೂತಿಗೆ ಕೂರಿಸಿದ. ಹೊಸ ಕಾರುಗಳಲ್ಲಿ ಮುಂದಿನ ಗಾಡಿ ಹತ್ತಿರವಾದರೆ ತಾನೇ ಬ್ರೇಕ್ ಹಾಕುವ ರೇಡಾರ್ ಇರುತ್ತದಲ್ಲ, ಅದೇ ಜಾತಿಯದು. ಕಂಬ, ಮರ, ವೈರು, ಮನುಷ್ಯ, ಏನು ಅಡ್ಡ ಬಂದರೂ ಡ್ರೋನ್ ತಾನೇ ನಿಲ್ಲಬೇಕು. ಅದನ್ನು ನಮ್ಮ ಹೊಲಗಳಲ್ಲೇ ಪರೀಕ್ಷೆ ಮಾಡುವುದೆಂದು ನಿರ್ಧಾರವಾಯಿತು.

ಮೊದಲ ದಿನಗಳಲ್ಲಿ ಅದು ಹೆದರುಪುಕ್ಕಲನ ಹಾಗೆ ಆಡಿತು. ಗಾಳಿಗೆ ಒಂದು ಗರಿ ಅಲ್ಲಾಡಿದರೂ ನಿಂತುಬಿಡುತ್ತಿತ್ತು. ಎಂಜಿನಿಯರ್ ಲ್ಯಾಪ್‌ಟಾಪ್ ತೆಗೆದು ಅದರ ಸೂಕ್ಷ್ಮತೆ ಇಳಿಸತೊಡಗಿದ. ಗರಿಗೆ ನಿಲ್ಲಬಾರದು, ಮನುಷ್ಯನಿಗೆ ನಿಲ್ಲಬೇಕು. ಎಷ್ಟು ಇಳಿಸಬೇಕೆಂದು ತಿಳಿಯಲು ಅವನಿಗೆ ಮನುಷ್ಯನಂಥ ಗೊಂಬೆ ಬೇಕಾಗಿತ್ತು. ಕಂಪನಿಯ ಗೊಂಬೆ ಬರಲು ಇನ್ನೂ ಎಂಟು ದಿನ ಎಂದ.

"ಒಂದ ಗೊಂಬಿ ಸಲುವಾಗಿ ಎಂಟ ದಿನಾ ಕುಂದರೂದೇನ್ರಿ ಸಾಹೇಬ್ರ? ನಾ ಮಾಡಿ ಕೊಡ್ತೇನಿ ಬಿಡ್ರಿ," ಎಂದೆ.

ಆಗ ನಾವು ತುಕ್ಕಾನಟ್ಟಿಯಲ್ಲಿ ನನ್ನ ಸೋದರಮಾವನ ಹೊಲದಲ್ಲಿದ್ದೆವು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವನು ಈ ಮಾವ. ಕುರಿ ಕಾಯುವವನು. ಉಣ್ಣೆ ಕತ್ತರಿಸುವುದರಲ್ಲಿ ಸುತ್ತಲಿನ ಊರಿಗೆಲ್ಲ ಹೆಸರಾದವನು. ಅವನ ಕತ್ತರಿ ಓಡುವಾಗ ಕುರಿ ಕಣ್ಣು ಮುಚ್ಚಿಕೊಂಡು ಮಲಗಿರುತ್ತದೆ. ಅವನ ಹಳೆಯ ಕಂಬಳಿ ಇಸಿದುಕೊಂಡು, ಎರಡು ಗಳ ಅಡ್ಡ ಕಟ್ಟಿ, ಹುಲ್ಲು ತುರುಕಿ ಗೊಂಬೆ ನಿಲ್ಲಿಸಿದೆ. ತಲೆಗೆ ಎಣ್ಣೆಯ ತಗಡಿನ ಡಬ್ಬಿ ಕವುಚಿ ಮೇಲೆ ರುಮಾಲು ಸುತ್ತಿದೆ. ನಮ್ಮ ಕಡೆ ಬೆದರುಗೊಂಬೆಗೆ ಹಾಗೇ ಮಾಡುವುದು. ಮಡಕೆ ಒಡೆಯುತ್ತದೆ, ಡಬ್ಬಿಯಾದರೆ ಗಾಳಿಗೆ ಬಡಬಡಿಸಿ ಹಕ್ಕಿ ಓಡಿಸುತ್ತದೆ.

ಎಂಜಿನಿಯರ್ ದೂರದಿಂದಲೇ ಕೇಳಿದ: "ಅಕ್ಕಾರ, ಒಳಗ ತಗಡು ಕಬ್ಬಿಣ ಏನೂ ಇಲ್ಲಲ್ರಿ? ಬರೇ ಹುಲ್ಲು, ಅರಿವಿ ಇರಬೇಕು. ಹುಲ್ಲಿಗೆ ನಿಂತ್ರ ಮನಷ್ಯಾಗ ನಿಂತ ನಿಂದರ್ತೈತಿ."

ಉರಿ ಬಿಸಿಲು. ಆ ರುಮಾಲು ಸುತ್ತಲು ಅರ್ಧ ತಾಸು ಒದ್ದಾಡಿದ್ದೆ. ಮತ್ತೆ ಬಿಚ್ಚಬೇಕಲ್ಲ ಎಂದು ಮೈ ಉರಿಯಿತು.

"ಇಲ್ರಿ! ಎಷ್ಟ ಸಲ ಕೇಳ್ತೀರಿ?" ಎಂದು ಒದರಿದೆ. ಅವನು ಕೇಳಿದ್ದು ಅದೇ ಮೊದಲ ಸಲ.

ಡ್ರೋನ್ ಗೊಂಬೆಯ ಮುಂದೆ ಮೂರು ಮಾರು ದೂರದಲ್ಲಿ ನಿಂತಿತು. ಅವನು ಸೂಕ್ಷ್ಮತೆ ಇನ್ನಷ್ಟು ಇಳಿಸಿದ, ಆಗಲೂ ನಿಂತಿತು. ಮತ್ತೂ ಇಳಿಸಿದ. ಗರಿಗಳಿಗೆ ನಿಲ್ಲುವುದನ್ನು ಪೂರಾ ಬಿಟ್ಟಿತು, ಗೊಂಬೆಗೆ ಮಾತ್ರ ತಪ್ಪದೆ ನಿಂತಿತು. ಅವನು ಖುಷಿಯಾಗಿ ಬ್ಯಾಟರಿ ಬದಲಿಸಿ ಕೊಟ್ಟ.

ಕುರಿಗಳನ್ನು ಕಬ್ಬು ಕಡಿದ ಕೂಳೆಯಲ್ಲಿ ಬಿಟ್ಟು ನೋಡುತ್ತ ಕುಳಿತಿದ್ದ ಮಾವ ಎದ್ದು ಬಂದ. "ಗೊಂಬಿಗೆ ನಿಂದರೂದು ದೊಡ್ಡದಲ್ಲ. ನನಗ ನಿಂದರ್ತೈತೇನು ನೋಡೂಣು."

"ಬ್ಯಾಡ್ರಿ ಕಾಕಾ. ಮನಷ್ಯಾರ ಮುಂದ ಇನ್ನೂ ಹಾರಿಸಾಕ ಪರವಾನಗಿ ಇಲ್ಲ," ಎಂದು ಹೇಳಿ ಎಂಜಿನಿಯರ್ ಖಾಲಿ ಬ್ಯಾಟರಿ ಹಿಡಿದು ತನ್ನ ಕಾರಿನ ಕಡೆ ಹೋದ.

ಅವನ ಬೆನ್ನು ತಿರುಗಿದ್ದೇ ತಡ, ನಾನು "ನಿಂದರು ಮಾವ" ಎಂದೆ. ಗೊಂಬೆಯ ತಲೆಯ ತಗಡಿನ ಡಬ್ಬಿಯ ನೆನಪು ನನಗೆ ಸುತರಾಂ ಇರಲಿಲ್ಲ. ಮಾವ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ನಗುತ್ತ ನಿಂತ. ಡ್ರೋನನ್ನು ಎದೆಯ ಮಟ್ಟಕ್ಕೆ ಇಳಿಸಿ ಮುಂದೆ ನೂಕಿದೆ. ಮೂರು ಮಾರು ಬಂತು, ನಿಲ್ಲಲಿಲ್ಲ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಬೆರಳು ಹಾಗೇ ಒತ್ತಿ ಹಿಡಿದಿದ್ದೆ. ಮಾವ ಮುಖಕ್ಕೆ ಬಲಗೈ ಅಡ್ಡ ಹಿಡಿದ.

ಕೊಡಲಿಗೆ ಹಸಿ ಕಬ್ಬು ಸಿಕ್ಕಂತೆ ಸದ್ದಾಯಿತು. ರಕ್ತ ನನ್ನ ಕಾಲಿನವರೆಗೂ ಚಿಮ್ಮಿತು. ಮಾವನ ತೋರುಬೆರಳು ಕೂಳೆಯಲ್ಲಿ ಬಿದ್ದಿತ್ತು, ಹೆಬ್ಬೆರಳು ಚರ್ಮಕ್ಕೆ ಜೋತಾಡುತ್ತಿತ್ತು. ಕುರಿಗಳು ಚೆಲ್ಲಾಪಿಲ್ಲಿಯಾಗಿ ಓಡಿದವು. ಬೋರಲು ಬಿದ್ದ ಡ್ರೋನಿನ ಒಂದು ರೆಕ್ಕೆ ಇನ್ನೂ ನೆಲ ಬಡಿಯುತ್ತಿತ್ತು. ಬದುವಿನ ಕಲ್ಲು ಎತ್ತಿ ಅದು ಸುಮ್ಮನಾಗುವವರೆಗೆ ಜಜ್ಜಿದೆ. ಅಷ್ಟರಲ್ಲಿ ಎಂಜಿನಿಯರ್ ಓಡಿ ಬಂದ. "ಏನಾತ್ರಿ?" ಎಂದು ಅವನು ಬಾಯಿ ತೆರೆಯುತ್ತಿದ್ದಂತೆ ಕೈಯಲ್ಲಿದ್ದ ರಿಮೋಟಿನಿಂದ ಆ ಬಾಯಿಗೇ ಹೊಡೆದೆ. ತುಟಿ ಸೀಳಿ, ಮುಂದಿನ ಹಲ್ಲು ಮುರಿಯಿತು. ಇನ್ನೊಂದು ಏಟು ಹಾಕಿದೆ. ಅವನು ತಿರುಗಿ ಕೈ ಎತ್ತಲಿಲ್ಲ. ರಕ್ತ ಉಗುಳುತ್ತಲೇ ತನ್ನ ಅಂಗಿ ಬಿಚ್ಚಿ ಮಾವನ ಕೈಗೆ ಸುತ್ತಿದ.

ಘಟಪ್ರಭಾದ ದವಾಖಾನೆಯಲ್ಲಿ ಡಾಕ್ಟರು ಎಷ್ಟು ಪ್ರಯತ್ನಪಟ್ಟರೂ ಎರಡೂ ಬೆರಳು ಉಳಿಯಲಿಲ್ಲ. ನಮ್ಮ ಮಂದಿ ಎಂಜಿನಿಯರನ ಕಾರಿನ ಗಾಜು ಪುಡಿ ಮಾಡಿ, ಕೀಲಿಕೈ ಕಸಿದುಕೊಂಡು, ಅವನನ್ನು ಊರು ಬಿಡದಂತೆ ತಡೆದರು. ಪೊಲೀಸರಿಗೆ ದೂರು ಕೊಡುವುದು, ಕೆಲಸದಿಂದ ತೆಗೆಸುವುದು ಎಂದು ಹಿರಿಯರು ಮಾತಾಡಿದರು. "ಮನಷ್ಯಾನ ಮುಂದ ಹಾರಿಸಂತ ಅಂವನ ಹೇಳಿದ್ನಲ್ಲ?" ಎಂದು ನನ್ನನ್ನು ಕೇಳಿದರು. ನಾನು ಹೂಂ ಎಂದೆ. ಹಾಗೆನ್ನುವಾಗ ನಾಲಿಗೆ ತಡವರಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಮಾವನ ಕೋಲು ತರಲು ಹೊಲಕ್ಕೆ ಹೋದಾಗ ಎಂಜಿನಿಯರ್ ಗೊಂಬೆಯ ಹತ್ತಿರ ನಿಂತಿದ್ದ. ಮುಖ ಊದಿತ್ತು. ಲ್ಯಾಪ್‌ಟಾಪಿನಲ್ಲಿ ರೇಡಾರಿನಿಂದ ಬಂದಿದ್ದ ಎರಡು ಗೆರೆ ತೋರಿಸಿದ. ಮಾವನದು ನೆಲಕ್ಕೆ ಅಂಟಿತ್ತು, ಗೊಂಬೆಯದು ಗುಡ್ಡದಷ್ಟು ಎದ್ದಿತ್ತು.

"ಅಕ್ಕಾರ, ಹುಲ್ಲು ಹಿಂಗ ಕಾಣೂದಿಲ್ರಿ. ಒಳಗ ಏನೈತಿ?"

ನಾನೇ ರುಮಾಲು ಬಿಚ್ಚಿದೆ. ಬಿಸಿಲಿಗೆ ತಗಡು ಫಳಕ್ ಎಂದಿತು. ರೇಡಾರಿಗೆ ತಗಡು ಎಲ್ಲಕ್ಕಿಂತ ಜೋರಾಗಿ ಕಾಣುತ್ತದೆ, ಅದನ್ನೇ ನಂಬಿ ಅವನು ಸೂಕ್ಷ್ಮತೆ ಇಳಿಸುತ್ತ ಹೋಗಿದ್ದ. ರೇಡಾರಿಗೆ ಮನುಷ್ಯ ಗರಿಯ ಲೆಕ್ಕಕ್ಕೇ ಸೇರಿಹೋಗಿದ್ದ. ಅವನು ಬೈಯಲಿಲ್ಲ, ಕೂಳೆಯಲ್ಲಿ ಕುಸಿದು ಕುಳಿತು ತಲೆ ಹಿಡಿದುಕೊಂಡ. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಇವನ ಬಾಳು ಹಾಳು, ಬಾಯಿ ಬಿಟ್ಟರೆ ಮಾವ ನನ್ನ ಮುಖ ನೋಡಲಾರ. ಆದರೂ ಅವನನ್ನು ಟಂಟಂನಲ್ಲಿ ಕೂರಿಸಿಕೊಂಡು ಸೀದಾ ದವಾಖಾನೆಗೆ ಹೋದೆ.

ಹಿರಿಯರೆಲ್ಲ ಮಂಚದ ಸುತ್ತ ಇದ್ದರು. ಎಂಜಿನಿಯರನನ್ನು ನೋಡಿ ಒಬ್ಬರು ಚಪ್ಪಲಿ ತೆಗೆದರು. ನಾನು ನಡುವೆ ನಿಂತೆ.

"ಮಾವ, ಗೊಂಬಿ ತಲ್ಯಾಗ ನಾ ಡಬ್ಬಿ ಇಟ್ಟಿದ್ದೆ. ಇವ್ರು ಕೇಳಿದ್ರ ಇಲ್ಲಂತ ಸುಳ್ಳ ಹೇಳಿದೆ. ಹಾರಿಸಬ್ಯಾಡ ಅಂದಿದ್ರು. ಹಾರಿಸಿದಾಕಿ ನಾನ."

ಮಾವ ನನ್ನನ್ನು ನೋಡಿದ. ಆಮೇಲೆ ಎಂಜಿನಿಯರನ ಕಡೆ ತಿರುಗಿದ.

"ಹೊಡೀರಿ ಈಕಿನ್ನ. ನಿಮ್ಮ ಹಲ್ಲ ಮುರದಾಳ, ಈಕಿದೂ ಮುರೀರಿ."

ಎಂಜಿನಿಯರ್ ಹಿಂದೆ ಸರಿದ. ಆಗ ಮಾವ ಹಲ್ಲು ಕಚ್ಚಿ ಎದ್ದು ಕುಳಿತು, ಎಡಗೈ ಬೀಸಿ ನನ್ನ ಕೆನ್ನೆಗೆ ಹೊಡೆದ. ಏಟು ಸರಿಯಾಗಿ ಬೀಳಲಿಲ್ಲ, ಕಿವಿ ಸವರಿಕೊಂಡು ಜಾರಿತು. ಮತ್ತೊಮ್ಮೆ ಬೀಸಿದ, ಅದೂ ಜಾರಿತು. ಜೋರಾಗಿ ಬೀಳಲಿ ಎಂದು ನಾನು ಮುಖ ಹತ್ತಿರ ಒಯ್ದೆ. ಮಾವನ ಎಡಗೈ ಗಾಳಿಯಲ್ಲೇ ನಿಂತಿತು. ಅದನ್ನು ಕಣ್ಣ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಈ ಕೈಗೆ ಹೊಡ್ಯಾಕೂ ಬರವಲ್ದಲ್ಲ ಯವ್ವಾ," ಎಂದು ನನ್ನನ್ನೇ ಕೇಳಿದ. "ಉಣ್ಣಿ ಹೆಂಗ ಕತ್ತರಿಸ್ಲಿ?"